ಒಂದೇ ಪ್ಯಾನಿನಲ್ಲಿ ಬೀಫ್ ಕೈಮಾ, ಆಲೂಗಡ್ಡೆ: ಯಾವುದನ್ನು ಮೊದಲು ಹಾಕಬೇಕು?

ಸಂಜೆಯಡುಗೆ
ಸುಸ್ತಾಗಿ ಮನೆಗೆ ಬಂದ ದಿನ ನಾಲ್ಕು ಪಾತ್ರೆ ತೊಳೆಯುವ ಮನಸ್ಸು ಯಾರಿಗೂ ಇರುವುದಿಲ್ಲ, ಅಲ್ವಾ? ಅಂಥ ದಿನಕ್ಕೆ ನನ್ನದು ಒಂದೇ ಊಟ. ಬೀಫ್ ಕೈಮಾ, ಆಲೂಗಡ್ಡೆ, ಈರುಳ್ಳಿ, ಎಲ್ಲ ಒಂದೇ ಅಗಲ ಪ್ಯಾನಿನಲ್ಲಿ. ಬಿಸಿಬಿಸಿಯಾಗಿ ತಿಂದರೆ ಹೊಟ್ಟೆಗೂ ಹಿತ, ಮನಸ್ಸಿಗೂ ಹಿತ.

ನನ್ನ ಅಳತೆ ಇದು: ಕೈಮಾ 500 ಗ್ರಾಂ, ಆಲೂಗಡ್ಡೆ 600 ಗ್ರಾಂ, ಈರುಳ್ಳಿ 2, ಬೆಳ್ಳುಳ್ಳಿ ನಾಲ್ಕೈದು ಎಸಳು, ಟೊಮೆಟೊ 2, ನೀರು ಒಂದು ಕಪ್. ಮೆಣಸಿನ ಪುಡಿ, ಕಾಳುಮೆಣಸು, ಉಪ್ಪು ರುಚಿಗೆ ತಕ್ಕಷ್ಟು. ನಾಲ್ಕು ಜನಕ್ಕೆ ಸಾಕಾಗುತ್ತದೆ.

ಕೇಳಬೇಕಾದದ್ದು ಏನೆಂದರೆ, ಮೊದಲು ಕೈಮಾ ಹಾಕಬೇಕಾ, ಆಲೂಗಡ್ಡೆ ಹಾಕಬೇಕಾ? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ದಯವಿಟ್ಟು ಕಾರಣ ಸಮೇತ ಹೇಳಿ. "ನಾವು ಯಾವಾಗಲೂ ಹೀಗೇ ಮಾಡೋದು" ಅನ್ನುವುದನ್ನು ಕಾರಣ ಅಂತ ಒಪ್ಪುವುದಿಲ್ಲ.

ಸೌಟು
ಕೈಮಾ ಮೊದಲು. ಇದರಲ್ಲಿ ಯೋಚನೆ ಮಾಡುವುದು ಏನಿದೆ?

ಕೈಮಾದ ಕೊಬ್ಬು ಕರಗಿ ಪ್ಯಾನಿಗೆ ಇಳಿಯುತ್ತದೆ. ಈರುಳ್ಳಿ, ಆಲೂಗಡ್ಡೆ ಎರಡೂ ಅದರಲ್ಲೇ ಬಾಡಬೇಕು. ಬೇರೆ ಎಣ್ಣೆ ಯಾಕೆ ಸುರಿಯುತ್ತೀರಿ? ಆಮೇಲೆ ತಳದಲ್ಲಿ ಅಂಟಿಕೊಂಡ ಕಂದು ಪದರ ಇರುತ್ತದಲ್ಲ, ಅದಕ್ಕೆ ನೀರು ಹಾಕಿ ಸೌಟಿನಿಂದ ಕೆರೆಯಿರಿ. ಗ್ರೇವಿಯ ರುಚಿಯೆಲ್ಲ ಇರುವುದೇ ಅಲ್ಲಿ. ಮುಚ್ಚಳ ಮುಚ್ಚಿ, ಸಣ್ಣ ಉರಿಯಲ್ಲಿ ಬಿಡಿ. ಮುಗೀತು.

ಗರಿಗರಿ
ಸೌಟು ಅವರೇ, ನೀವು ಹೇಳುತ್ತಿರುವುದು ಬೇಯಿಸಿದ ಆಲೂಗಡ್ಡೆ. ಹುರಿದದ್ದಲ್ಲ.

ಕೈಮಾ ಬಿದ್ದ ಪ್ಯಾನ್ ಅಂದರೆ ಒದ್ದೆ ಪ್ಯಾನ್. ಹಸಿ ಮಾಂಸದಲ್ಲಿ ಅರ್ಧಕ್ಕಿಂತ ಜಾಸ್ತಿ ನೀರೇ ಇರುತ್ತದೆ. ಬಿಸಿ ತಾಗಿದ ತಕ್ಷಣ ಅದು ಹೊರಗೆ ಬರುತ್ತದೆ. ತಳದಲ್ಲಿ ನೀರು ನಿಂತಿರುವಷ್ಟು ಹೊತ್ತು ಅಲ್ಲಿನ ಬಿಸಿ 100 ಡಿಗ್ರಿ ಸೆಲ್ಸಿಯಸ್ ದಾಟುವುದೇ ಇಲ್ಲ. ಯಾವುದೇ ಪದಾರ್ಥ ಕೆಂಪಗೆ ಗರಿಯಾಗಬೇಕಾದರೆ 140 ಡಿಗ್ರಿ ಆಸುಪಾಸು ಬೇಕು. ಹಾಗಾಗಿ ಆಲೂಗಡ್ಡೆ ಮೊದಲು. ಒಣಗಿದ ಪ್ಯಾನ್, ಎರಡು ದೊಡ್ಡ ಚಮಚ ಎಣ್ಣೆ, ಒಂದೂವರೆ ಸೆಂಟಿಮೀಟರಿನ ತುಂಡು. ಹಾಕಿದ ಮೇಲೆ ಐದು ನಿಮಿಷ ಮುಟ್ಟಬೇಡಿ. ಒಂದು ಬದಿ ಕೆಂಪಾದ ಮೇಲೆ ತಿರುವಿ. ಮೆತ್ತಗಾದ ಮೇಲೆ ತಟ್ಟೆಗೆ ತೆಗೆದಿಟ್ಟು ಅದೇ ಪ್ಯಾನಿಗೆ ಕೈಮಾ ಹಾಕಿ. ಕೊನೆಗೆ ಆಲೂಗಡ್ಡೆ ವಾಪಸ್.

ಪಾತ್ರೆ ತೊಳೆಯುವವ
ತಟ್ಟೆಗೆ ತೆಗೆದಿಟ್ಟು ಅಂದರೆ? ಒಂದೇ ಪ್ಯಾನ್ ಅಂದಿರಲ್ಲ! ಆ ತಟ್ಟೆ ಯಾರು ತೊಳೆಯುತ್ತಾರೆ?

ಗರಿಗರಿ
ಅದೇ ತಟ್ಟೆಯಲ್ಲಿ ಊಟ ಮಾಡಿ ಸ್ವಾಮಿ. ಹುರಿದ ಆಲೂಗಡ್ಡೆ ಇಟ್ಟ ತಟ್ಟೆಗೆ ಏನಾಗಿರುತ್ತದೆ? ಹಸಿ ಕೈಮಾ ಇಟ್ಟ ತಟ್ಟೆ ಆದರೆ ಮಾತ್ರ ಸೋಪು ಹಾಕಿ ತೊಳೆಯದೆ ಬಳಸಬಾರದು.

ಅಳತೆಗಾರ
ಇಬ್ಬರೂ ಸರಿಯಾಗೇ ಹೇಳುತ್ತಿದ್ದೀರಿ, ಆದರೆ ಎರಡು ಬೇರೆ ಅಡುಗೆಗಳ ಬಗ್ಗೆ. ಪ್ರಶ್ನೆ ಕೇಳಿದವರು ಮೊದಲು ತೀರ್ಮಾನಿಸಬೇಕಾದದ್ದು ಆಲೂಗಡ್ಡೆ ಹೇಗಿರಬೇಕು ಅನ್ನುವುದನ್ನು. ಹೊರಗೆ ಗರಿಯಾಗಿ, ಮಾಂಸ ಪುಡಿಪುಡಿಯಾಗಿ ಒಣಗಿಯೇ ಇರಬೇಕಾ? ಹಾಗಾದರೆ ಆಲೂಗಡ್ಡೆ ಮೊದಲು, ಪ್ಯಾನಿನಿಂದ ಹೊರಗೆ, ಕೊನೆಗೆ ಒಳಗೆ. ಮೆತ್ತಗೆ ಬೆಂದು, ಗ್ರೇವಿ ಹೀರಿಕೊಂಡು, ಚಮಚದಲ್ಲಿ ತಿನ್ನುವ ಹಾಗಿರಬೇಕಾ? ಹಾಗಾದರೆ ಕೈಮಾ ಮೊದಲು, ಏನನ್ನೂ ಹೊರಗೆ ತೆಗೆಯುವುದು ಬೇಡ.

ಸುಸ್ತಾದ ದಿನಕ್ಕೆ ಅಂತ ಕೇಳಿದ್ದೀರಿ, ಆದ್ದರಿಂದ ನನ್ನ ಓಟು ಎರಡನೆಯದಕ್ಕೆ. ಗರಿ ಮಾಡುವುದಕ್ಕೆ ಒಲೆ ಮುಂದೆ ನಿಲ್ಲಬೇಕು. ಗ್ರೇವಿಗೆ ಮುಚ್ಚಳ ಮುಚ್ಚಿ 15 ನಿಮಿಷ ಕೂತುಕೊಳ್ಳಬಹುದು.

ಆದರೆ ಕೈಮಾ ಮೊದಲು ಹಾಕುವವರು ಸಾಮಾನ್ಯವಾಗಿ ಒಂದು ಕಡೆ ಎಡವುತ್ತಾರೆ. 500 ಗ್ರಾಂ ಪೂರ್ತಿ ಒಂದೇ ಸಲ ಸುರಿದು, ಕೈಯಾಡಿಸುತ್ತಲೇ ಇರುತ್ತಾರೆ. ನೀರು ಬಿಡುತ್ತದೆ, ಬೂದು ಬಣ್ಣಕ್ಕೆ ತಿರುಗುತ್ತದೆ, ಅಷ್ಟೇ. ಪ್ಯಾನ್ ಚೆನ್ನಾಗಿ ಕಾಯಲಿ. ಕೈಮಾವನ್ನು ದೊಡ್ಡ ರೊಟ್ಟಿಯ ಹಾಗೆ ತಳಕ್ಕೆ ಒತ್ತಿ. ನಾಲ್ಕೈದು ನಿಮಿಷ ಸುಮ್ನೆ ಬಿಡಿ. ಕೆಳಬದಿ ಗಾಢ ಕಂದು ಬಂದ ಮೇಲೆ ದೊಡ್ಡ ದೊಡ್ಡ ತುಂಡಾಗಿ ಮಗುಚಿ. ಆಮೇಲೆ ಪುಡಿ ಮಾಡಿ. ಎಲ್ಲ ಕಣವೂ ಕಂದಾಗಬೇಕು ಅಂತಿಲ್ಲ. ಅರ್ಧ ಕಂದಾದರೂ ಇಡೀ ಪ್ಯಾನಿಗೆ ರುಚಿ ಬರುತ್ತದೆ. ಪೂರ್ತಿ ಹುರಿಯಲು ಹೋದರೆ ಕೈಮಾ ಒಣ ಮರಳಾಗುತ್ತದೆ.

30 ಸೆಂಟಿಮೀಟರ್ ಅಗಲದ ಪ್ಯಾನ್ ಇದ್ದರೆ ಅರ್ಧ ಕೆಜಿ ಸರಾಗವಾಗಿ ಹಿಡಿಸುತ್ತದೆ. ಚಿಕ್ಕದಾದರೆ ಎರಡು ಸಲ ಹುರಿಯಿರಿ.

ಸಂಜೆಯಡುಗೆ
ಇದು ಕಾರಣ! ಥ್ಯಾಂಕ್ಸ್. ನನಗೆ ಬೇಕಾದದ್ದು ಗ್ರೇವಿಯದೇ. ಹಾಗಾದರೆ ಈರುಳ್ಳಿ ಯಾವಾಗ?

ಅಳತೆಗಾರ
ಕೈಮಾ ಕಂದಾದ ಮೇಲೆ. ಮೊದಲೇ ಹಾಕಿದರೆ ಅದೂ ನೀರು ಬಿಡುತ್ತದೆ. ಈರುಳ್ಳಿ ಬಾಡಿದ ಮೇಲೆ ಬೆಳ್ಳುಳ್ಳಿ, ಅರ್ಧ ನಿಮಿಷ ಸಾಕು. ಬೆಳ್ಳುಳ್ಳಿ ಬೇಗ ಸೀದು ಕಹಿಯಾಗುತ್ತದೆ. ಪುಡಿಗಳನ್ನೂ ಆ ಕೊಬ್ಬಿನಲ್ಲೇ ಒಂದು ಸುತ್ತು ಹುರಿದುಬಿಡಿ. ಮಸಾಲೆಯ ಪರಿಮಳದಲ್ಲಿ ಹೆಚ್ಚಿನ ಪಾಲು ಕೊಬ್ಬಿನಲ್ಲಿ ಕರಗುವಂಥದ್ದು, ನೀರಿನಲ್ಲಿ ಅಲ್ಲ. ಆಮೇಲೆ ಆಲೂಗಡ್ಡೆ, ನೀರು, ಮುಚ್ಚಳ.

ಹೊಸ ಒಲೆ
ಇಲ್ಲೇ ನನ್ನದೊಂದು ಸೇರಿಸಿಬಿಡುತ್ತೇನೆ, ಬೇರೆ ಕಡೆ ಉತ್ತರ ಸಿಗಲಿಲ್ಲ. ಆಲೂಗಡ್ಡೆ ಅರ್ಧ ಗಂಟೆ ಕುದಿಸಿದರೂ ನಡುವೆ ಗಟ್ಟಿಯಾಗೇ ಉಳಿಯುತ್ತದೆ. ತುಂಡು ಚಿಕ್ಕದೇ ಮಾಡುತ್ತೇನೆ. ನೀರೂ ಇರುತ್ತದೆ. ಗ್ಯಾಸ್ ಮಾತ್ರ ಖರ್ಚು. ಯಾಕೆ?

ಸೌಟು
ಟೊಮೆಟೊ ಯಾವಾಗ ಹಾಕುತ್ತೀರಿ?

ಹೊಸ ಒಲೆ
ಈರುಳ್ಳಿ ಆದ ಮೇಲೆ. ಡಬ್ಬಿಯ ಹೆಚ್ಚಿದ ಟೊಮೆಟೊ, ಪೂರ್ತಿ ಒಂದು ಡಬ್ಬಿ. ಆಮೇಲೆ ಆಲೂಗಡ್ಡೆ.

ಸೌಟು
ಸಿಕ್ಕಿತು. ಹುಳಿಯಲ್ಲಿ ಆಲೂಗಡ್ಡೆ ಬೇಯುವುದಕ್ಕೆ ಒಪ್ಪುವುದಿಲ್ಲ. ಆಲೂಗಡ್ಡೆ ಮುಕ್ಕಾಲು ಬೆಂದ ಮೇಲೆ ಟೊಮೆಟೊ ಹಾಕಿ, ವ್ಯತ್ಯಾಸ ನೀವೇ ನೋಡಿ.

ಅಳತೆಗಾರ
ಸೌಟು ಅವರ ಮಾತು ನೂರಕ್ಕೆ ನೂರು ಸರಿ. ತರಕಾರಿಯ ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವುದು ಪೆಕ್ಟಿನ್. ಬಿಸಿಗೆ ಅದು ಕರಗಿದಾಗಲೇ ಆಲೂಗಡ್ಡೆ ಮೆತ್ತಗಾಗುವುದು. ಹುಳಿ ಇದ್ದರೆ ಪೆಕ್ಟಿನ್ ಗಟ್ಟಿಯಾಗಿ ಉಳಿಯುತ್ತದೆ. ಟೊಮೆಟೊ, ನಿಂಬೆರಸ, ವಿನೆಗರ್, ಮೂರಕ್ಕೂ ಇದೇ ಕಥೆ. ಅದರ ಮೇಲೆ ಡಬ್ಬಿಯ ಹೆಚ್ಚಿದ ಟೊಮೆಟೊಗೆ ಅನೇಕ ಸಲ ಕ್ಯಾಲ್ಸಿಯಂ ಕ್ಲೋರೈಡ್ ಸೇರಿಸಿರುತ್ತಾರೆ, ತುಂಡು ಕರಗದೆ ಇರಲಿ ಅಂತ. ಅದು ಆಲೂಗಡ್ಡೆಯ ಪೆಕ್ಟಿನ್ನನ್ನೂ ಬಿಗಿ ಮಾಡುತ್ತದೆ. ಡಬ್ಬಿಯ ಮೇಲಿನ ಪಟ್ಟಿ ಓದಿ ನೋಡಿ.

ಉಪ್ಪುಖಾರ
ಕೊನೆಗೆ ಟೊಮೆಟೊ ಹಾಕಿದರೆ ಹಸಿ ಹುಳಿ ವಾಸನೆ ಹಾಗೇ ಉಳಿಯುತ್ತದೆ. ವಿಜ್ಞಾನ ಗೆಲ್ಲುತ್ತದೆ, ಊಟ ಸೋಲುತ್ತದೆ. ಇದಕ್ಕೇನು ಹೇಳುತ್ತೀರಿ?

ಅಳತೆಗಾರ
ನ್ಯಾಯವಾದ ಮಾತು. ಎರಡು ದಾರಿ ಇದೆ. ಹಸಿ ಟೊಮೆಟೊ ಬಿಟ್ಟು ಒಂದು ದೊಡ್ಡ ಚಮಚ ಟೊಮೆಟೊ ಪೇಸ್ಟ್ ತೆಗೆದುಕೊಳ್ಳಿ. ಈರುಳ್ಳಿ ಜೊತೆಗೇ ಕೊಬ್ಬಿನಲ್ಲಿ ಎರಡು ನಿಮಿಷ, ಇಟ್ಟಿಗೆ ಬಣ್ಣ ಬರುವವರೆಗೆ ಹುರಿಯಿರಿ. ಒಂದು ಕಪ್ ನೀರಿಗೆ ಆ ಒಂದು ಚಮಚದ ಹುಳಿ ದೊಡ್ಡ ಅಡ್ಡಿ ಆಗುವುದಿಲ್ಲ. ಹಸಿ ಟೊಮೆಟೊನೇ ಬೇಕು ಅಂದರೆ, ಆಲೂಗಡ್ಡೆ ಬೆಂದ ಮೇಲೆ ಎಲ್ಲವನ್ನೂ ಬದಿಗೆ ಸರಿಸಿ. ನಡುವೆ ಖಾಲಿ ಜಾಗದಲ್ಲಿ ಟೊಮೆಟೊ ಹಾಕಿ ಉರಿ ಜೋರು ಮಾಡಿ. ಅಲ್ಲೇ ಬಾಡಿ ಕರಗಲಿ. ಆಮೇಲೆ ಬೆರೆಸಿ.

ಪಾತ್ರೆ ತೊಳೆಯುವವ
ತಟ್ಟೆ ಇಲ್ಲ, ಎರಡನೇ ಪ್ಯಾನ್ ಇಲ್ಲ. ಈ ಉತ್ತರಕ್ಕೆ ನನ್ನ ಪೂರ್ಣ ಬೆಂಬಲ.

ಗರಿಗರಿ
ಆಲೂಗಡ್ಡೆಯ ಜಾತಿಯ ಬಗ್ಗೆ ಯಾರೂ ಮಾತಾಡಲಿಲ್ಲವಲ್ಲ? ಹಿಟ್ಟು ಜಾಸ್ತಿ ಇರುವ ಆಲೂಗಡ್ಡೆ ಬೆಂದಾಗ ಬಿರಿದು ಪುಡಿಯಾಗುತ್ತದೆ. ಹಿಟ್ಟು ಕಡಿಮೆ ಇದ್ದು ಮೇಣದ ಹಾಗೆ ನುಣ್ಣಗಿರುವುದು ಆಕಾರ ಬಿಡುವುದಿಲ್ಲ. ನನ್ನ ದಾರಿ ಹಿಡಿಯುವವರಿಗೆ ಹಿಟ್ಟಿನದು ಒಳ್ಳೆಯದು, ಹೊರಗೆ ಚೆನ್ನಾಗಿ ಗರಿಯಾಗುತ್ತದೆ. ಹೆಚ್ಚಿದ ಮೇಲೆ ತಣ್ಣೀರಿನಲ್ಲಿ ಜಾಲಿಸಿ ಮೇಲಿನ ಪಿಷ್ಟ ತೆಗೆಯಿರಿ. ಬಟ್ಟೆಯಲ್ಲಿ ಒತ್ತಿ ಒಣಗಿಸಿ. ಒದ್ದೆ ತುಂಡು ಎಣ್ಣೆಗೆ ಬಿದ್ದರೆ ಸಿಡಿಯುತ್ತದೆ, ಅಂಟುತ್ತದೆ, ಕೆಂಪಾಗುವುದಿಲ್ಲ.

ಸೌಟು
ಗ್ರೇವಿಗೆ ಜಾಲಿಸುವುದೇ ಬೇಡ. ಆ ಪಿಷ್ಟವೇ ರಸವನ್ನು ಮಂದ ಮಾಡುವುದು. ಎರಡೂ ಜಾತಿ ಅರ್ಧರ್ಧ ಹಾಕಿದರೆ ಇನ್ನೂ ಚೆಂದ. ಒಂದು ಕರಗಿ ಗ್ರೇವಿ ಆಗುತ್ತದೆ, ಇನ್ನೊಂದು ಬಾಯಿಗೆ ಸಿಗುತ್ತದೆ. ಒಂದೇ ಜಾತಿ ಇದ್ದರೆ ಕೊನೆಗೆ ನಾಲ್ಕೈದು ತುಂಡನ್ನು ಪ್ಯಾನಿನ ಬದಿಗೆ ಒತ್ತಿ ಹಿಸುಕಿ. ಕಾರ್ನ್‌ಫ್ಲೋರ್ ಕದಡಿ ಸುರಿಯುವುದೆಲ್ಲ ಬೇಕಿಲ್ಲ.

ಉಪ್ಪುಖಾರ
ಹಸಿರು ತಿರುಗಿದ ಆಲೂಗಡ್ಡೆ ಬಗ್ಗೆಯೂ ಒಂದು ಮಾತು. ಹಸಿರಿದ್ದ ಕಡೆ ಸೊಲನೈನ್ ಅನ್ನುವ ವಿಷ ಇರಬಹುದು, ಅದು ಬೇಯಿಸಿದರೂ ಹೋಗುವುದಿಲ್ಲ. ಸ್ವಲ್ಪ ಇದ್ದರೆ ಆಳವಾಗಿ ಕೆತ್ತಿ ತೆಗೆಯಿರಿ. ಜಾಸ್ತಿ ಇದ್ದರೆ, ಅಥವಾ ಕಹಿ ಅನಿಸಿದರೆ, ಎಸೆಯಿರಿ. ಹಸಿ ಆಲೂಗಡ್ಡೆಯನ್ನು ಫ್ರಿಜ್‌ನಲ್ಲಿ ಇಡುವವರೂ ಇದ್ದಾರೆ. ಚಳಿಗೆ ಪಿಷ್ಟ ಸಕ್ಕರೆಯಾಗುತ್ತದೆ. ಹುರಿದರೆ ಬೇಗ ಕಪ್ಪಾಗುತ್ತದೆ. ಕತ್ತಲೆ, ತಂಪು, ಗಾಳಿ ಇರುವ ಮೂಲೆ ಸಾಕು.

ಸಂಜೆಯಡುಗೆ
ಕೈಮಾ ತೆಗೆದುಕೊಳ್ಳುವಾಗ ಕೊಬ್ಬು ಎಷ್ಟಿರಬೇಕು? ಕಡಿಮೆ ಕೊಬ್ಬಿನದು ಒಳ್ಳೆಯದು ಅಂತ ಅದನ್ನೇ ತರುತ್ತಿದ್ದೇನೆ.

ಸೌಟು
ನೂರರಲ್ಲಿ 15ರಿಂದ 20 ಭಾಗ ಕೊಬ್ಬು. ಹತ್ತಕ್ಕಿಂತ ಕಡಿಮೆ ಆದರೆ ಬಾಯಲ್ಲಿ ಹಿಟ್ಟು ಹಿಟ್ಟು. ಕೊಬ್ಬು ಜಾಸ್ತಿ ಇಳಿದರೆ ಪ್ಯಾನ್ ಓರೆ ಮಾಡಿ ಚಮಚದಲ್ಲಿ ತೆಗೆಯಿರಿ. ಎರಡು ಚಮಚದಷ್ಟು ಆಲೂಗಡ್ಡೆಗೆ ಉಳಿಸಿ. ಸಿಂಕಿಗೆ ಮಾತ್ರ ಸುರಿಯಬೇಡಿ. ತಣ್ಣಗಾದ ಮೇಲೆ ಪೈಪಿನಲ್ಲಿ ಗಟ್ಟಿಯಾಗಿ ಕೂರುತ್ತದೆ.

ಪಾತ್ರೆ ತೊಳೆಯುವವ
ಇದನ್ನು ದಪ್ಪ ಅಕ್ಷರದಲ್ಲಿ ಬರೆಯಬೇಕಿತ್ತು.

ಅಳತೆಗಾರ
ಕಡಿಮೆ ಕೊಬ್ಬಿನ ಕೈಮಾ ಈಗಾಗಲೇ ಮನೆಯಲ್ಲಿದ್ದರೆ ಒಂದು ಉಪಾಯ ಇದೆ. 500 ಗ್ರಾಂಗೆ ಕಾಲು ಟೀ ಚಮಚ ಅಡುಗೆ ಸೋಡಾವನ್ನು ಒಂದು ದೊಡ್ಡ ಚಮಚ ನೀರಿನಲ್ಲಿ ಕರಗಿಸಿ, ಕೈಮಾಗೆ ಬೆರೆಸಿ 15 ನಿಮಿಷ ಬಿಡಿ. ಅಷ್ಟರಲ್ಲಿ ಆಲೂಗಡ್ಡೆ, ಈರುಳ್ಳಿ ಹೆಚ್ಚಿಕೊಳ್ಳಬಹುದು. ಸೋಡಾ ಕ್ಷಾರ. ಕ್ಷಾರ ಇದ್ದಾಗ ಮಾಂಸದ ಪ್ರೋಟೀನ್ ಬಿಗಿಯಾಗಿ ಹಿಂಡಿಕೊಳ್ಳುವುದಿಲ್ಲ, ನೀರು ಒಳಗೇ ಉಳಿಯುತ್ತದೆ. ನೀರು ಕಡಿಮೆ ಬಿಟ್ಟರೆ ಪ್ಯಾನ್ ತಣ್ಣಗಾಗುವುದಿಲ್ಲ, ಬೇಗ ಕಂದಾಗುತ್ತದೆ. ಕ್ಷಾರದಲ್ಲಿ ಆ ಕಂದು ಬರುವ ಕ್ರಿಯೆಯೂ ಚುರುಕು. ಅದಕ್ಕೆ ಮೈಯಾರ್ ಕ್ರಿಯೆ ಅಂತ ಹೆಸರು. 1912ರಲ್ಲಿ ಫ್ರಾನ್ಸಿನ ಲೂಯಿ ಕಮೀ ಮೈಯಾರ್ ಅದನ್ನು ವಿವರಿಸಿದರು.

ಉಪ್ಪುಖಾರ
ಸೋಡಾ ಹಾಕಿದರೆ ಸೋಪಿನ ರುಚಿ ಬರುವುದಿಲ್ಲವಾ?

ಅಳತೆಗಾರ
ಅರ್ಧ ಚಮಚ ದಾಟಿದರೆ ಬರುತ್ತದೆ. ಅದಕ್ಕೇ ಕಾಲು ಅಂದದ್ದು. ಕಣ್ಣಳತೆಯಲ್ಲಿ ಹಾಕಬೇಡಿ.

ಗರಿಗರಿ
ಉಪ್ಪು? ನಾನಂತೂ ಹಸಿ ಕೈಮಾಗೆ ಉಪ್ಪು ಬೆರೆಸಿ ಇಡುವುದಿಲ್ಲ. ಉಪ್ಪು ಮಾಂಸದ ಒಂದು ಪ್ರೋಟೀನನ್ನು ಕರಗಿಸಿ ಅಂಟು ಮಾಡುತ್ತದೆ. ಉಂಡೆ ಕಟ್ಟುವುದಕ್ಕೆ ಅದು ಬೇಕು. ಪುಡಿಪುಡಿ ಕೈಮಾಗೆ ಬೇಡ, ರಬ್ಬರಿನಂತಾಗುತ್ತದೆ. ಪ್ಯಾನಿಗೆ ಬಿದ್ದು ಕಂದಾದ ಮೇಲೆ ಹಾಕಿ. ಆಲೂಗಡ್ಡೆಗೆ ಮಾತ್ರ ನೀರು ಹಾಕುವಾಗಲೇ ಉಪ್ಪು ಇರಲಿ. ಕೊನೆಗೆ ಹಾಕಿದ್ದು ತುಂಡಿನ ಒಳಗೆ ಇಳಿಯುವುದಿಲ್ಲ.

ಸೌಟು
ಇದನ್ನು ಒಪ್ಪುತ್ತೇನೆ. ಗರಿಗರಿ ಅವರ ಮಾತಿಗೆ ಒಪ್ಪಿದ್ದು ಇವತ್ತು ಇದೊಂದಕ್ಕೇ.

ಹೊಸ ಒಲೆ
ಬೆಂದಿದೆ ಅಂತ ಹೇಗೆ ಗೊತ್ತಾಗುತ್ತದೆ? ಕೆಂಪು ಹೋದರೆ ಸಾಕಾ? ಮತ್ತೆ ಪ್ಯಾಕೆಟ್ ಒಡೆದಾಗ ಹೊರಗೆ ಕೆಂಪು, ಒಳಗೆ ಕಂದು ಇತ್ತು. ಹಾಳಾಗಿದೆಯಾ?

ಅಳತೆಗಾರ
ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ. ಗಾಳಿ ತಾಗಿದ ಕಡೆ ಮಾಂಸ ಕೆಂಪಗಿರುತ್ತದೆ, ತಾಗದ ಒಳಭಾಗ ಕಂದಾಗುತ್ತದೆ. ಅಷ್ಟಕ್ಕೇ ಹಾಳಾಗಿದೆ ಅಂತಲ್ಲ. ಹುಳಿ ವಾಸನೆ, ಅಂಟಂಟು ಲೋಳೆ ಇದ್ದರೆ ಎಸೆಯಬೇಕು. ಹಸಿ ಕೈಮಾ ಫ್ರಿಜ್‌ನಲ್ಲಿ ಒಂದೆರಡು ದಿನಕ್ಕಿಂತ ಜಾಸ್ತಿ ಇಡಬಾರದು. ಅಷ್ಟರಲ್ಲಿ ಮಾಡುವುದಿಲ್ಲ ಅಂದರೆ ಫ್ರೀಜರ್‌ಗೆ ಹಾಕಿ.

ಮೊದಲನೆಯದಕ್ಕೆ: ಬಣ್ಣವನ್ನು ನಂಬಬೇಡಿ. ಸಾಕಷ್ಟು ಬಿಸಿಯಾಗುವ ಮೊದಲೇ ಕಂದಾಗುವ ಕೈಮಾ ಇದೆ, ಪೂರ್ತಿ ಬೆಂದರೂ ನಸುಗೆಂಪು ಉಳಿಯುವುದೂ ಇದೆ. ಬೀಫ್ ಕೈಮಾಗೆ ಅಮೆರಿಕದ ಕೃಷಿ ಇಲಾಖೆ ಹೇಳುವ ಲೆಕ್ಕ 71 ಡಿಗ್ರಿ ಸೆಲ್ಸಿಯಸ್. ಇಡೀ ತುಂಡು ಮಾಂಸದಲ್ಲಿ ಈ.ಕೋಲಿಯಂಥ ಬ್ಯಾಕ್ಟೀರಿಯಾ ಸಾಮಾನ್ಯವಾಗಿ ಮೇಲ್ಮೈಯಲ್ಲಿ ಇರುತ್ತದೆ, ಹೊರಗೆ ಚೆನ್ನಾಗಿ ಹುರಿದರೆ ಸಾಯುತ್ತದೆ. ಅರೆದಾಗ ಆ ಮೇಲ್ಮೈ ಎಲ್ಲ ಕಡೆ ಹರಡಿಬಿಡುತ್ತದೆ. ಅದಕ್ಕೇ ಕೈಮಾ ಒಳಗೂ ಹೊರಗೂ ಬೇಯಲೇಬೇಕು.

ಗ್ರೇವಿ ದಾರಿಯಲ್ಲಿ ಈ ಚಿಂತೆ ಕಡಿಮೆ. ಆಲೂಗಡ್ಡೆ ಬೇಯುವ 15 ನಿಮಿಷ ಪುಡಿ ಮಾಡಿದ ಕೈಮಾ ಕುದಿಯುವ ರಸದಲ್ಲೇ ಇರುತ್ತದೆ, 71 ಯಾವಾಗಲೋ ದಾಟಿರುತ್ತದೆ. ಗರಿ ದಾರಿಯಲ್ಲಿ ಗಮನ ಬೇಕು. ದೊಡ್ಡ ಉಂಡೆಗಳು ಉಳಿಯದ ಹಾಗೆ ಒಡೆಯಿರಿ.

ಹೊಸ ಒಲೆ
ಕೈಮಾ ತೊಳೆದು ಹಾಕಬೇಕಾ?

ಗರಿಗರಿ
ಬೇಡವೇ ಬೇಡ. ಸಿಂಕು ತುಂಬ ಸಿಡಿಯುತ್ತದೆ, ಬ್ಯಾಕ್ಟೀರಿಯಾ ಅಡುಗೆಮನೆಗೆಲ್ಲ ಹರಡುತ್ತದೆ. ಮೇಲಾಗಿ ಒದ್ದೆ ಕೈಮಾ ಹುರಿಯುವುದಿಲ್ಲ, ಬೇಯುತ್ತದೆ ಅಷ್ಟೇ.

ಉಪ್ಪುಖಾರ
ಪ್ಯಾನ್ ಯಾವುದಾದರೂ ನಡೆಯುತ್ತದಾ? ನನ್ನದು ನಾನ್‌ಸ್ಟಿಕ್.

ಸೌಟು
ನಡೆಯುತ್ತದೆ, ಆದರೆ ತಳದಲ್ಲಿ ಕಂದು ಪದರ ಅಂಟುವುದೇ ಇಲ್ಲವಲ್ಲ, ಗ್ರೇವಿ ಪೇಲವ. ಖಾಲಿ ನಾನ್‌ಸ್ಟಿಕ್ಕನ್ನು ಜೋರು ಉರಿಯಲ್ಲಿ ಕಾಯಿಸಲೂಬಾರದು. ಸ್ಟೀಲ್ ಅಥವಾ ಎರಕದ ಕಬ್ಬಿಣ ಒಳ್ಳೆಯದು. ಕಬ್ಬಿಣದಲ್ಲಿ ಟೊಮೆಟೊ ಬಹಳ ಹೊತ್ತು ಕುದಿಸಬೇಡಿ, ಲೋಹದ ರುಚಿ ಬರುತ್ತದೆ. ನಮ್ಮ ಲೆಕ್ಕದಲ್ಲಿ ಟೊಮೆಟೊ ಕೊನೆಗೆ ತಾನೇ, ತೊಂದರೆ ಇಲ್ಲ. ಮುಚ್ಚಳ ಮಾತ್ರ ಸರಿಯಾಗಿ ಕೂರಬೇಕು. ಸಂದಿ ಇದ್ದರೆ ನೀರು ಆರಿ ತಳ ಹಿಡಿಯುತ್ತದೆ.

ಉಪ್ಪುಖಾರ
ರುಚಿಗೆ ಇನ್ನೇನು ಸೇರಿಸುತ್ತೀರಿ? ನನ್ನದು ಒಂದು ಚಮಚ ಸೋಯಾ ಸಾಸ್. ಹಾಕಿದ್ದು ಯಾರಿಗೂ ಗೊತ್ತಾಗುವುದಿಲ್ಲ, ಮಾಂಸದ ರುಚಿಯೇ ಗಾಢವಾಗುತ್ತದೆ. ಉಪ್ಪು ಆ ಲೆಕ್ಕಕ್ಕೆ ಕಡಿಮೆ ಮಾಡಿಕೊಳ್ಳಿ.

ಗರಿಗರಿ
ಅಣಬೆ, ಸಣ್ಣಗೆ ಹೆಚ್ಚಿ ಕೈಮಾ ಜೊತೆ. ಫ್ರೀಜರ್‌ನ ಬಟಾಣಿ, ಇಳಿಸುವ ಮೂರು ನಿಮಿಷ ಮುಂಚೆ. ಚೀಸ್ ಬೇಕಾದವರು ಉರಿ ಆರಿಸಿದ ಮೇಲೆ ತುರಿದು ಮುಚ್ಚಳ ಮುಚ್ಚಿ, ತಾನೇ ಕರಗುತ್ತದೆ.

ಸೌಟು
ಏನೂ ಸೇರಿಸುವುದಿಲ್ಲ. ಕೊನೆಗೆ ಕಾಳುಮೆಣಸು ಜಾಸ್ತಿ, ಒಂದು ಹನಿ ನಿಂಬೆ. ಹತ್ತು ಪದಾರ್ಥ ಹಾಕುವುದಾದರೆ ಸುಸ್ತಾದ ದಿನದ ಅಡುಗೆ ಅಂತ ಯಾಕೆ ಕರೆಯಬೇಕು?

ಸಂಜೆಯಡುಗೆ
ಇವತ್ತು ಮಾಡಿದೆ. ಅಗಲವಾಗಿ ಒತ್ತಿ ಬಿಟ್ಟ ಕೈಮಾ, ಟೊಮೆಟೊ ಪೇಸ್ಟ್, ಒಂದು ಕಪ್ ನೀರು. ಆಲೂಗಡ್ಡೆ 15 ನಿಮಿಷಕ್ಕೆ ಬೆಣ್ಣೆಯಂತೆ ಬೆಂದಿತು. ನೀರು ಸ್ವಲ್ಪ ಹೆಚ್ಚಾಯಿತು ಅನಿಸಿ ಕೊನೆಯ ಮೂರು ನಿಮಿಷ ಮುಚ್ಚಳ ತೆಗೆದೆ, ಸರಿಹೋಯಿತು. ಆದರೆ ಅರ್ಧ ಉಳಿದಿದೆ. ಫ್ರೀಜರ್‌ನಲ್ಲಿ ಇಡಬಹುದಾ?

ಅಳತೆಗಾರ
ಇಡಬಹುದು, ಆದರೆ ಆಲೂಗಡ್ಡೆಯ ಹದ ಕೆಡುತ್ತದೆ. ಹಾಳಾಗುವುದಿಲ್ಲ, ಕರಗಿಸಿದಾಗ ನೀರು ಬಿಟ್ಟುಕೊಂಡು ಮರಳು ಮರಳಾಗುತ್ತದೆ. ಮುಂದಿನ ಸಲ ಕೈಮಾ ಗ್ರೇವಿಯನ್ನು ಎರಡರಷ್ಟು ಮಾಡಿ, ಆಲೂಗಡ್ಡೆ ಹಾಕುವ ಮೊದಲೇ ಅರ್ಧ ತೆಗೆದು ಫ್ರೀಜ್ ಮಾಡಿ. ಈಗಿನದನ್ನು ಫ್ರಿಜ್‌ನಲ್ಲೇ ಇಡಿ, ಮೂರು ನಾಲ್ಕು ದಿನ ಇರುತ್ತದೆ. ಒಲೆಯಿಂದ ಇಳಿಸಿದ ಎರಡು ಗಂಟೆಯೊಳಗೆ ಒಳಗೆ ಹೋಗಬೇಕು. ಅಗಲ ಡಬ್ಬಿಗೆ ತೆಳುವಾಗಿ ಹರಡಿದರೆ ಬೇಗ ತಣಿಯುತ್ತದೆ. ತಿನ್ನುವಾಗ 74 ಡಿಗ್ರಿವರೆಗೆ ಬಿಸಿ ಮಾಡಿ. ಥರ್ಮಾಮೀಟರ್ ಇಲ್ಲದಿದ್ದರೆ ನಡುವಿನಲ್ಲೂ ಹಬೆ ಏಳಬೇಕು.

ಪಾತ್ರೆ ತೊಳೆಯುವವ
ಪ್ಯಾನ್ ಸಮೇತ ಫ್ರಿಜ್‌ಗೆ ಇಟ್ಟರೆ? ಡಬ್ಬಿ ಉಳಿಯುತ್ತದೆ.

ಅಳತೆಗಾರ
ಸ್ಟೀಲ್ ಆದರೆ ಒಂದು ರಾತ್ರಿಗೆ ಪರವಾಗಿಲ್ಲ, ತಣಿದ ಮೇಲೆ ಇಡಿ. ಎರಕದ ಕಬ್ಬಿಣ ಬೇಡ, ತುಕ್ಕು ಹಿಡಿಯುತ್ತದೆ.

ಗರಿಗರಿ
ಉಳಿದದ್ದಕ್ಕೆ ನನ್ನ ದಾರಿಯೇ ಸರಿ, ಕೇಳಿ. ಮಾರನೆಯ ದಿನ ಪ್ಯಾನಿಗೆ ಒಂದು ಚಮಚ ಎಣ್ಣೆ ಹಾಕಿ, ಉಳಿದದ್ದನ್ನು ಅಗಲವಾಗಿ ಒತ್ತಿ, ತಳ ಗರಿಯಾಗುವವರೆಗೆ ಮುಟ್ಟಬೇಡಿ. ಮೇಲೆ ಎರಡು ಗುಳಿ ಮಾಡಿ ಮೊಟ್ಟೆ ಒಡೆದು ಹಾಕಿ ಮುಚ್ಚಳ ಮುಚ್ಚಿ. ಐದು ನಿಮಿಷ ಆದ ಮೇಲೆ ತೆಗೆದು ನೋಡಿ. ಬಿಳಿ ಗಟ್ಟಿಯಾಗಿರಬೇಕು. ಇಲ್ಲದಿದ್ದರೆ ಇನ್ನೊಂದು ನಿಮಿಷ.

ಸೌಟು
ಮೊಟ್ಟೆ ಹಾಕುವುದಾದರೆ ಮಾತ್ರ, ತಳ ಗರಿಯಾಗಲಿ.